ಡೀಸೆಲ್ ಒತ್ತಡದ ದೋಷಕ್ಕೆ ಇನ್ನು ಮುಂದೆ ತಪಾಸಣೆ ಬೇರೆ, ರಿಪೇರಿ ಬೇರೆ

ಸಕಲೇಶಪುರ

ಮಾನ್ಯ ಗ್ರಾಹಕರೇ,

ನಮ್ಮ ಗ್ಯಾರೇಜಿಗೆ ಇಂಧನ ಒತ್ತಡದ ದೋಷವೆಂದು ಬರುವ ಕಾಮನ್ ರೈಲ್ ಡೀಸೆಲ್ ವಾಹನಗಳಿಗೆ ಮುಂದಿನ ತಿಂಗಳ 1ನೇ ತಾರೀಖಿನಿಂದ ಮೊದಲು ತಪಾಸಣೆ ಮಾತ್ರ ನಡೆಯುತ್ತದೆ. ಅದಕ್ಕೆ 1,500 ರೂಪಾಯಿ ಶುಲ್ಕ. ವಾಹನವನ್ನು ಒಂದು ಇಡೀ ದಿನ ಬಿಟ್ಟುಹೋಗಬೇಕು. ಇದುವರೆಗೆ ಈ ಕೆಲಸದ ಕೂಲಿಯನ್ನು ರಿಪೇರಿ ಬಿಲ್ಲಿನಲ್ಲೇ ಸೇರಿಸುತ್ತಿದ್ದೆವು. ಬೇರ್ಪಡಿಸಿದ ಕಾರಣವನ್ನು ನೀವು ತಿಳಿದಿರಬೇಕು.

ಶಿರಾಡಿ ಘಾಟಿಯ ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಎಂಜಿನ್ ದೀಪ ಹತ್ತುತ್ತದೆ, ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡುತ್ತದೆ. ಈ ದೂರು ನಿಮ್ಮಲ್ಲಿ ಹಲವರಿಗೆ ಗೊತ್ತು. ಸ್ಕ್ಯಾನರ್ ಹಾಕಿದರೆ ಪಿ 0087 ಎಂಬ ಕೋಡ್ ಬರುತ್ತದೆ. ರೈಲಿನಲ್ಲಿ, ಅಂದರೆ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆಲ್ಲ ಪಂಪಿನಿಂದ ಬಂದ ಡೀಸೆಲ್ ಹಂಚುವ ಕೊಳವೆಯಲ್ಲಿ, ಬೇಕಾದಷ್ಟು ಒತ್ತಡ ಇಲ್ಲ ಎಂಬುದಷ್ಟೇ ಅದರ ಅರ್ಥ. ಒತ್ತಡ ಏಕೆ ಬಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಆದರೂ ಆ ಒಂದು ಕೋಡನ್ನೇ ನಂಬಿ ಹೈ ಪ್ರೆಶರ್ ಪಂಪು, ನಾಲ್ಕೂ ಇಂಜೆಕ್ಟರು ಬದಲಿಸಬೇಕೆಂದು ಬೇರೆಡೆ ಬರೆಸಿಕೊಂಡ ಎಸ್ಟಿಮೇಟ್ ಹಿಡಿದು ಬರುವವರಿದ್ದಾರೆ. ಅದು ಹತ್ತಾರು ಸಾವಿರ ರೂಪಾಯಿಯ ಮಾತು. ಅಳೆದು ನೋಡದೆ ಅಷ್ಟು ಹಣ ಖರ್ಚು ಮಾಡಿಸುವುದು ನಮಗೆ ಒಪ್ಪಿಗೆಯಿಲ್ಲ.

ತೋಟದಲ್ಲಿ ಸ್ಪ್ರಿಂಕ್ಲರ್ ನೀರು ದೂರ ಚಿಮ್ಮದಿದ್ದರೆ ನೀವು ಮೊದಲು ಪಂಪ್ ಬದಲಿಸುವುದಿಲ್ಲ. ಫುಟ್‌ವಾಲ್ವ್ ಗಾಳಿ ಎಳೆಯುತ್ತಿದೆಯೇ, ಜಾಯಿಂಟ್ ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತೀರಿ. ನಮ್ಮ ತಪಾಸಣೆಯ ಕ್ರಮವೂ ಅದೇ.

ಮೊದಲು ಟ್ಯಾಂಕಿನಿಂದ ಪಂಪಿನವರೆಗಿನ ದಾರಿ. ಫಿಲ್ಟರಿನ ತಳದಿಂದ ನೀರು ಇಳಿಸಿ ನೋಡುತ್ತೇವೆ. ನಡುವೆ ಪಾರದರ್ಶಕ ಪೈಪ್ ಜೋಡಿಸಿ ಡೀಸೆಲ್ ಜೊತೆ ಗಾಳಿಗುಳ್ಳೆ ಬರುತ್ತಿದೆಯೇ ಎಂದು ಗಮನಿಸುತ್ತೇವೆ. ಕಟ್ಟಿಕೊಂಡ ಫಿಲ್ಟರ್ ಸಮತಟ್ಟಾದ ರಸ್ತೆಯಲ್ಲಿ ತೊಂದರೆ ಕೊಡದೆ, ಏರಿನಲ್ಲಿ ಮಾತ್ರ ಕೈಕೊಡಬಹುದು. ಆಮೇಲೆ ವೈರಿಂಗ್. ರೈಲಿನ ಒತ್ತಡ ಅಳೆಯುವ ಸೆನ್ಸರಿಗೆ 5 ವೋಲ್ಟ್ ಬರಬೇಕು. ಎಂಜಿನ್ ನಿಂತು ಒತ್ತಡ ಪೂರ್ತಿ ಇಳಿದಾಗ ಅದು ಸಾಮಾನ್ಯವಾಗಿ ಅರ್ಧ ವೋಲ್ಟಿನ ಆಸುಪಾಸು ತೋರಿಸಬೇಕು. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಸೇರುವ ಇಲಿಗಳು ಕಡಿದ ಒಂದು ವೈರ್ ಕೂಡ ಕೆಟ್ಟ ಪಂಪಿನಂತೆಯೇ ಕಾಣಿಸಿಕೊಳ್ಳುತ್ತದೆ.

ಮೂರನೆಯದು ಹೆಚ್ಚು ಸಮಯ ಬೇಡುವ ಕೆಲಸ. ಪ್ರತಿ ಇಂಜೆಕ್ಟರಿನಿಂದ ಹಿಂದಿರುಗುವ ಡೀಸೆಲನ್ನು ಬೇರೆ ಬೇರೆ ಅಳತೆ ಬಾಟಲಿಗಳಿಗೆ ಬಿಟ್ಟು ಎಂಜಿನ್ ಓಡಿಸುತ್ತೇವೆ. ಮೂರು ಬಾಟಲಿಗಳಲ್ಲಿ ಒಂದೇ ಮಟ್ಟ, ನಾಲ್ಕನೆಯದರಲ್ಲಿ ಅದರ ಎಷ್ಟೋ ಪಾಲು ಹೆಚ್ಚು ಇದ್ದರೆ ಒತ್ತಡ ಸೋರುತ್ತಿರುವುದು ಆ ಒಂದು ಇಂಜೆಕ್ಟರಿನಲ್ಲಿ. ಆಗ ನಾಲ್ಕನ್ನೂ ಬದಲಿಸುವ ಮಾತೇ ಬರುವುದಿಲ್ಲ. ಗಾಡಿ ಸ್ಟಾರ್ಟೇ ಆಗದಿದ್ದರೂ ಸೆಲ್ಫ್ ಹೊಡೆಯುತ್ತಾ ಪರೀಕ್ಷಿಸಬಹುದು: ಹಲವು ಎಂಜಿನ್‌ಗಳಲ್ಲಿ ಆಗ ಸುಮಾರು 200 ಬಾರ್ ಒತ್ತಡವಾದರೂ ಏರದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನು ತೆರೆಯುವುದಿಲ್ಲ. ಕೊನೆಗೆ ರಸ್ತೆಯಲ್ಲಿ ಏರಿಗೆ ಓಡಿಸಿ, ಎಂಜಿನ್ ಕೇಳಿದ ಒತ್ತಡ ಮತ್ತು ಸಿಕ್ಕ ಒತ್ತಡ ಎರಡನ್ನೂ ಗ್ರಾಫಿನಲ್ಲಿ ದಾಖಲಿಸುತ್ತೇವೆ. ಐಡ್ಲಿಂಗಿನಲ್ಲಿ 300 ಬಾರ್ ಸರಿಯಾಗಿ ಕೊಡುವ ವ್ಯವಸ್ಥೆಯೇ 1,600 ಬಾರ್ ಕೇಳಿದಾಗ ಸೋಲಬಹುದು. ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಫಿಲ್ಟರ್, ವೈರಿಂಗ್, ಇಂಜೆಕ್ಟರು ಎಲ್ಲ ಸರಿಯಿದ್ದೂ ಒತ್ತಡ ಸಾಲದಿದ್ದರೆ ಮಾತ್ರ ಪಂಪಿನ ಮೇಲೆ, ಅದರೊಳಗೆ ಹೋಗುವ ಡೀಸೆಲಿನ ಪ್ರಮಾಣ ನಿಯಂತ್ರಿಸುವ ಮೀಟರಿಂಗ್ ವಾಲ್ವ್ ಮೇಲೆ ಕೈ ಹಾಕುತ್ತೇವೆ.

ಒಂದು ಸಂದರ್ಭದಲ್ಲಿ ದೊಡ್ಡ ಖರ್ಚು ತಪ್ಪುವುದಿಲ್ಲ. ಫಿಲ್ಟರಿನಲ್ಲಿ ಅಥವಾ ಪಂಪಿನಲ್ಲಿ ಹೊಳೆಯುವ ಲೋಹದ ಪುಡಿ ಕಂಡರೆ ಪಂಪ್ ಒಳಗೇ ಸವೆದು ಉದುರುತ್ತಿದೆ ಎಂದರ್ಥ. ರೈಲು, ಪೈಪು, ಟ್ಯಾಂಕು ಎಲ್ಲವನ್ನೂ ಶುಚಿ ಮಾಡದೆ ಹೊಸ ಪಂಪ್ ಕೂರಿಸಿದರೆ ಅದೂ ಬೇಗ ಹಾಳಾಗುತ್ತದೆ. ಅಂಥ ಪುಡಿಯನ್ನು ನಿಮ್ಮ ಕಣ್ಣಿಗೆ ತೋರಿಸಿದ ಮೇಲೆಯೇ ಕೆಲಸ ಶುರು ಮಾಡುತ್ತೇವೆ.

ತಪಾಸಣೆಯ ಅಳತೆಗಳನ್ನೆಲ್ಲ ಬರೆದ ಹಾಳೆ ನಿಮ್ಮದು. ಅದನ್ನು ಹಿಡಿದು ಬೇರೆ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿಕೊಂಡರೂ ನಮಗೆ ಬೇಸರವಿಲ್ಲ. ದೋಷ ಬರೀ ಫಿಲ್ಟರಿನದ್ದಾದರೆ ಶುಲ್ಕದ ಜೊತೆ ಫಿಲ್ಟರಿನ ಬೆಲೆ ಕೊಟ್ಟು ಹೋಗಬಹುದು. ಬದಲಿಸಿದ ಹಳೆಯ ಭಾಗಗಳನ್ನು ನಿಮಗೇ ಒಪ್ಪಿಸುತ್ತೇವೆ.

ನಿಮ್ಮಿಂದಲೂ ಸ್ವಲ್ಪ ಸಹಕಾರ ಬೇಕು. ಬರುವ ಮೊದಲು ಕೋಡ್ ಅಳಿಸಬೇಡಿ; ದೋಷ ಬಂದ ಗಳಿಗೆಯ ವಿವರಗಳೂ ಅದರೊಂದಿಗೆ ಅಳಿಸಿಹೋಗುತ್ತವೆ. ತೊಂದರೆ ಬೆಳಗಿನ ಚಳಿಯಲ್ಲೋ, ಎಂಜಿನ್ ಬಿಸಿಯಾದ ಮೇಲೋ, ಏರಿನಲ್ಲೋ ಎಂದು ಗಾಡಿ ಓಡಿಸುವವರಿಂದಲೇ ಹೇಳಿಸಿ. ತೋಟದ ಬ್ಯಾರೆಲ್ಲಿನಲ್ಲಿ ಡೀಸೆಲ್ ಶೇಖರಿಸುವವರು ತಳದಲ್ಲಿ ಉಳಿದ ಡೀಸೆಲನ್ನು ಗಾಡಿಗೆ ಸುರಿಯಬೇಡಿ, ಮಳೆಗಾಲದಲ್ಲಂತೂ ಅಲ್ಲಿ ನೀರು ಇದ್ದೇ ಇರುತ್ತದೆ. ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇವೆ: ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಬೇಡಿ, ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ಹುಡುಕಬೇಡಿ. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೈ ಕಳೆದುಕೊಳ್ಳುವ ಅಪಾಯವಿದೆ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈಗಾಗಲೇ ನಮ್ಮಲ್ಲಿರುವ ವಾಹನಗಳಿಗೆ ಹಳೆಯ ಕ್ರಮವೇ ಅನ್ವಯಿಸುತ್ತದೆ. ಹೊಸದಾಗಿ ತರುವವರು ಹಿಂದಿನ ದಿನವೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ದಿನಕ್ಕೆ ಎರಡು ವಾಹನಗಳನ್ನಷ್ಟೇ ತೆಗೆದುಕೊಳ್ಳುತ್ತೇವೆ.

ಇಂತಿ,
ನಿಮ್ಮ ಗ್ಯಾರೇಜಿನ ಬಳಗ