ಬ್ಯಾಡಗಿ ಕುಂಟಿದ ರಾತ್ರಿ

ವೈಟ್‌ಹಾರ್ಸ್, ಯುಕಾನ್, ಕೆನಡಾ
ಫೆಬ್ರವರಿ, ಭಾನುವಾರ ರಾತ್ರಿ

ತೀರ್ಥರೂಪ ಅಪ್ಪಾಜಿಗೆ ಮತ್ತು ಅವ್ವನಿಗೆ ಸಣ್ಣ ಮಗನ ನಮಸ್ಕಾರಗಳು.

ನಾನು ಆರಾಮ ಇದ್ದೇನೆ. ಹತ್ತೂ ಬೆರಳು ಕೈಯಲ್ಲೇ ಇವೆ. ಅವ್ವ, ಇದನ್ನು ಮೊದಲು ಬರೆದದ್ದು ನಿನಗಾಗಿ. ಎಡಗೈ ಕಿರುಬೆರಳಿನ ತುದಿ ಬೆಳ್ಳಗಾಗಿ ಮರಗಟ್ಟಿತ್ತು. ಈಗ ಚರ್ಮ ಸುಲಿಯುತ್ತಿದೆ, ಅಷ್ಟೇ. ನರ್ಸ್ ನೋಡಿ ವಾಸಿಯಾಗುತ್ತೆ ಅಂದಿದ್ದಾಳೆ.

ನಾಯಿಬಂಡಿ ಓಟಕ್ಕೆ ಹೋಗಿದ್ದೆ ಅಂತ ಫೋನ್‌ನಲ್ಲಿ ಹೇಳಿದಾಗ ನೀನು ಬೈದೆ, ಅಣ್ಣ ನಕ್ಕ. ಅಪ್ಪಾಜಿ, ನೀವು ಮಾತ್ರ ಒಂದೇ ಮಾತು ಕೇಳಿದಿರಿ: "ಮೂಕಪ್ರಾಣಿಗೆ ಪಾಪ ಅಲ್ಲೇನಪಾ?" ನಾನು "ಇಲ್ಲ ಅಪ್ಪಾಜಿ, ಅವಕ್ಕೆ ಓಡೋದಂದ್ರೆ ಖುಷಿ" ಅಂತ ಹೇಳಿ ಮುಗಿಸಿಬಿಟ್ಟೆ. ಅದು ಇಲ್ಲಿ ಪ್ರವಾಸಿಗರಿಗೆ ಹೇಳುವ ಉತ್ತರ. ದನ ಕಟ್ಟಿದವರಿಗೆ ಅಷ್ಟು ಸಾಲದು. ಅದಕ್ಕೇ ಈ ಕಾಗದ.

ಮೊದಲು ಈ ಊರಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಯುಕಾನ್ ಅಂದರೆ ಕರ್ನಾಟಕದ ಎರಡೂವರೆ ಪಟ್ಟು ಜಾಗ. ಜನ ಮಾತ್ರ ನಮ್ಮ ರಾಣೆಬೆನ್ನೂರಿನ ಅರ್ಧದಷ್ಟೂ ಇಲ್ಲ. 1896ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು, ಜನ ನುಗ್ಗಿ ಬಂದರು. ಚಳಿಗಾಲದಲ್ಲಿ ಅವರಿಗೆ ಟಪಾಲು, ಸಾಮಾನು ತರುತ್ತಿದ್ದದ್ದು ನಾಯಿ ಕಟ್ಟಿದ ಜಾರುಬಂಡಿ. ಅದೇ ಹಳೇ ದಾರಿ ಹಿಡಿದು 1984ರಲ್ಲಿ ಯುಕಾನ್ ಕ್ವೆಸ್ಟ್ ಅನ್ನೋ ಓಟ ಶುರುವಾಯಿತು. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೂ ನಮ್ಮ ವೈಟ್‌ಹಾರ್ಸ್‌ಗೂ ನಡುವೆ ಸುಮಾರು 1600 ಕಿಲೋಮೀಟರ್. ಅಷ್ಟು ದೂರದ್ದು 2020ರಲ್ಲಿ ಕೊನೆಯದಾಗಿ ನಡೆಯಿತು. ಆಮೇಲೆ ಕೊರೊನಾ ಬಂತು, ಓಟ ಎರಡು ದೇಶಕ್ಕೆ ಎರಡು ಹೋಳಾಯಿತು. ಈ ಕಡೆ ಉಳಿದದ್ದು ಚಿಕ್ಕ ಓಟಗಳು. ಚಿಕ್ಕದು ಅಂದರೆ ನಾನು ಓಡಿದ್ದು 250 ಮೈಲಿ, ಹತ್ತಿರ ಹತ್ತಿರ 400 ಕಿಲೋಮೀಟರ್. ವೈಟ್‌ಹಾರ್ಸ್‌ನಿಂದ ಬ್ರೇಬರ್ನ್, ಅಲ್ಲಿಂದ ಕಾರ್ಮಾಕ್ಸ್, ಕೊನೆಗೆ ಪೆಲ್ಲಿ ಕ್ರಾಸಿಂಗ್.

ನಾಯಿಗಳು ನನ್ನವಲ್ಲ. ನಾನು ಕೆಲಸ ಮಾಡುವ ಗ್ಯಾರೇಜಿಗೆ ಲಾರಿ ರಿಪೇರಿಗೆ ಬರುತ್ತಿದ್ದ ಒಬ್ಬ ಯಜಮಾನಮ್ಮನವು. ಅವರ ಹಿತ್ತಲಲ್ಲಿ 34 ನಾಯಿಗಳಿವೆ. ಮೊದಲ ಚಳಿಗಾಲ ಪೂರ್ತಿ ನನ್ನ ಕೆಲಸ ಹೇಲು ಬಾಚೋದು. ಎರಡನೇ ವರ್ಷ ಮೇವು... ನೋಡಿ, ನಾಯಿಗೂ ಮೇವು ಅಂತಲೇ ಬರುತ್ತೆ ಬಾಯಿಗೆ. ಮೂರನೇ ವರ್ಷ ಬಂಡಿ ಹತ್ತಿಸಿದರು. ಹೋದ ವರ್ಷ 100 ಮೈಲಿಯದ್ದು ಓಡಿದ್ದೆ. ಒಂದೊಂದು ಸೂಲಿನ ಮರಿಗಳಿಗೂ ಒಂದೊಂದು ಬಗೆಯ ಹೆಸರಿಡುವುದು ಇಲ್ಲಿನ ರೂಢಿ. ಒಂದು ಸೂಲಿಗೆ ಮಸಾಲೆ ಸಾಮಾನಿನ ಹೆಸರು ಅಂತ ಗೊತ್ತಾಯಿತು, ಒಂದು ಮರಿ ನನಗೆ ಬಿಟ್ಟರು. ಕೆಂಪಗಿತ್ತು, ಬ್ಯಾಡಗಿ ಅಂತ ಇಟ್ಟೆ. ಇಲ್ಲಿಯವರ ಬಾಯಲ್ಲಿ ಅದು ಬಡಾಗಿ. ಪಾಪ, ಎರಡಕ್ಕೂ ತಿರುಗಿ ನೋಡುತ್ತೆ.

ಟಿವಿಯಲ್ಲಿ ತೋರಿಸುವ ನೀಲಿ ಕಣ್ಣಿನ ದಪ್ಪ ಕೂದಲಿನ ನಾಯಿಗಳಲ್ಲ ಇವು. ನಮ್ಮ ಬೀದಿನಾಯಿಯಂತೆ ತೆಳ್ಳಗೆ, ಉದ್ದ ಕಾಲು. 22, 23 ಕಿಲೋ ತೂಗುತ್ತವೆ. ಹಲವು ತಳಿ ಬೆರೆತು ಆದದ್ದು, ಅಲಾಸ್ಕನ್ ಹಸ್ಕಿ ಅನ್ನುತ್ತಾರೆ. ಓಟದ ದಿನಗಳಲ್ಲಿ ಒಂದೊಂದಕ್ಕೂ 10,000 ಕ್ಯಾಲೊರಿಯಷ್ಟು ಬೇಕು. ನಮ್ಮಂಥವರು ಮೂರ್ನಾಲ್ಕು ದಿನ ಉಣ್ಣುವಷ್ಟು. ಮಾಂಸ, ಕೊಬ್ಬು, ಮೀನು, ಒಣ ಆಹಾರ ಎಲ್ಲಾ ಬಿಸಿನೀರಲ್ಲಿ ಕಲಸಿ ಹಾಕುತ್ತೇವೆ. ನೀರು ಬೇಕಂದರೆ ಹಿಮ ಕರಗಿಸಬೇಕು.

ಮೂಗುದಾರ ಇಲ್ಲ, ಲಗಾಮು ಇಲ್ಲ, ಬಾರಕೋಲು ಇಲ್ಲ. ಮುಂದಿನ ಎರಡು ನಾಯಿಗೆ ಮಾತು ಗೊತ್ತು. 'ಜೀ' ಅಂದರೆ ಬಲಕ್ಕೆ, 'ಹಾ' ಅಂದರೆ ಎಡಕ್ಕೆ. ನಿಲ್ಲಿಸೋಕೆ ಒಂದು ಬ್ರೇಕು, ಹಿಮಕ್ಕೆ ಚುಚ್ಚುವ ಕಬ್ಬಿಣದ ಒಂದು ಕೊಕ್ಕೆ. ಹತ್ತು ನಾಯಿ ಓಡಬೇಕು ಅಂತ ತೀರ್ಮಾನಿಸಿದರೆ ಆ ಕೊಕ್ಕೆಗೆ ಯಾವ ಬೆಲೆಯೂ ಇಲ್ಲ. ಹೊರಡುವ ಮುಂಚೆ ಅವು ಮಾಡುವ ಗಲಾಟೆ ನೀವು ಕೇಳಬೇಕಿತ್ತು. ನಮ್ಮ ಹೋರಿ ಹಬ್ಬದ ಅಖಾಡದ ಗದ್ದಲ ಅದರ ಮುಂದೆ ಏನೂ ಅಲ್ಲ. ಹಗ್ಗ ಕಚ್ಚುತ್ತವೆ, ನಿಂತಲ್ಲೇ ಎಗರುತ್ತವೆ. ಬಿಟ್ಟ ತಕ್ಷಣ ಪೂರಾ ಸದ್ದಡಗುತ್ತೆ. ಹಿಮದ ಮೇಲೆ ಬಂಡಿ ಜಾರುವ ಸಪ್ಪಳ ಬಿಟ್ಟರೆ ಬೇರೇನೂ ಇಲ್ಲ. ಆ ಕ್ಷಣಕ್ಕಾಗಿಯೇ ಮೂರು ವರ್ಷ ಹೇಲು ಬಾಚಿದ್ದು ಅನ್ನಿಸಿತು.

ಮೊದಲು ಯುಕಾನ್ ನದಿ, ಆಮೇಲೆ ಟಖಿನಿ ನದಿ. ಎರಡೂ ಹೆಪ್ಪುಗಟ್ಟಿ ರಸ್ತೆಯಾಗಿವೆ. ಆದರೂ ನಂಬುವ ಹಾಗಿಲ್ಲ. ಕೆಲವು ಕಡೆ ಮಂಜುಗಡ್ಡೆಯ ಮೇಲೆ ನೀರು ಉಕ್ಕಿ ಹರಿದಿರುತ್ತೆ, ಹಿಮ ಮುಚ್ಚಿರುವುದರಿಂದ ಕಾಣಲ್ಲ. ಅದರಲ್ಲಿ ನಾಯಿಯ ಕಾಲು ತೋಯ್ದರೆ ಅಲ್ಲೇ ನಿಂತು ಒರೆಸಿ, ಪಾದದ ಚೀಲ ಬದಲಿಸಬೇಕು. ಹತ್ತು ನಾಯಿ, ನಲವತ್ತು ಚೀಲ. ಬೆರಳ ಸಂದಿಯಲ್ಲಿ ಐಸು ಕಟ್ಟಬಾರದು, ಅಂಗಾಲು ಸವೆಯಬಾರದು ಅಂತ ಹಾಕುವುದು. ದಪ್ಪ ಗ್ಲೌಸ್ ಇದ್ದರೆ ಪಟ್ಟಿ ಹಿಡಿಯೋಕಾಗಲ್ಲ, ಬರಿಗೈ ಮಾಡಲೇಬೇಕು. ಕಿರುಬೆರಳು ಮರಗಟ್ಟಿದ್ದು ಹಾಗೆ.

ಬ್ರೇಬರ್ನ್‌ಗೆ 160 ಕಿಲೋಮೀಟರ್. ನಡುವೆ ಕಾಡಲ್ಲೇ ತಂಗಿ, ನಸುಕಿಗೆ ಮುಟ್ಟಿದಾಗ ಮೈನಸ್ 41 ಇತ್ತು. ಮೈನಸ್ 40ಕ್ಕೆ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಆಗುತ್ತವೆ, ಆಮೇಲೆ ಯಾವುದರಲ್ಲಿ ಹೇಳಿದರೂ ಚಳಿ ಚಳಿಯೇ. ರೆಪ್ಪೆಗೆ ರೆಪ್ಪೆ ಅಂಟಿಕೊಳ್ಳುತ್ತೆ. ಗುಡ್ಡ ಬಂದಾಗ ಬಂಡಿ ಇಳಿದು ತಳ್ಳಬೇಕು, ಆದರೆ ಬೆವರಬಾರದು. ಬೆವರಿದರೆ ಒಳಗಿನ ಅಂಗಿಯೇ ಐಸಾಗುತ್ತೆ. ಇಂಥ ಚಳಿಗೆ ಡೀಸೆಲ್ ಗಟ್ಟಿಯಾಗಿ, ನಮ್ಮ ಗ್ಯಾರೇಜಿನ ಲಾರಿಗಳಿಗೆ ರಾತ್ರಿಯಿಡೀ ಕರೆಂಟ್ ಹೀಟರ್ ಹಾಕಿಟ್ಟರೂ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ. ಈ ನಾಯಿಗಳು ಒಣಹುಲ್ಲಿನ ಮೇಲೆ ಬಾಲದಲ್ಲಿ ಮೂಗು ಮುಚ್ಚಿ ಮಲಗಿ, ಎದ್ದು, ಮೈ ಒದರಿ ಹೊರಟುಬಿಡುತ್ತವೆ.

ಅವ್ವ, ನೀನು ಕಳಿಸಿದ ಶೇಂಗಾ ಉಂಡೆ ಒಯ್ದಿದ್ದೆ. ಕಲ್ಲಾಗಿದ್ದವು. ತಲೆಗೆ ಕಟ್ಟುವ ಹೆಡ್‌ಲೈಟಿನ ಬ್ಯಾಟರಿ ಜೊತೆ ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ತಿಂದೆ. ಬ್ರೇಬರ್ನ್‌ನ ಲಾಡ್ಜಿನಲ್ಲಿ ತಲೆಯಷ್ಟು ದೊಡ್ಡ ದಾಲ್ಚಿನ್ನಿ ಬನ್ನು ಸಿಗುತ್ತೆ, ಈ ಕಡೆ ಅದು ಭಾರೀ ಹೆಸರುವಾಸಿ. ಅರ್ಧ ತಿನ್ನುವಷ್ಟರಲ್ಲಿ ಕೂತಲ್ಲೇ ನಿದ್ದೆ ಬಂತು. ನಾಯಿ ವಿಶ್ರಾಂತಿ ತಗೊಳ್ಳುತ್ತೆ, ನಡೆಸುವವನಿಗೆ ಎಲ್ಲಿಯ ವಿಶ್ರಾಂತಿ? ಹುಲ್ಲು ಹಾಸಬೇಕು, ನೀರು ಕಾಯಿಸಬೇಕು, ಉಣ್ಣಿಸಬೇಕು, ಕಾಲು ತಿಕ್ಕಬೇಕು. ನಮ್ಮ ಮನೆಯಲ್ಲಿ ಎತ್ತಿಗೆ ಹಾಕದೆ ಯಾರೂ ತಾಟಿನ ಮುಂದೆ ಕೂರುವ ಹಾಗಿರಲಿಲ್ಲ ಅಲ್ವಾ? ಇಲ್ಲಿ ಅದನ್ನು ಯಾರೂ ಹೊಸದಾಗಿ ಕಲಿಸಬೇಕಾಗಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಬ್ರೇಬರ್ನ್‌ನಿಂದ ಕಾರ್ಮಾಕ್ಸ್‌ಗೆ 120 ಕಿಲೋಮೀಟರ್, ಸಾಲು ಕೆರೆ, ಆಮೇಲೆ ಕಾಡು. ಎರಡನೇ ರಾತ್ರಿ. ನನಗೆ ದಾರಿ ಪಕ್ಕದಲ್ಲಿ ಬಾಳೆತೋಟ ಕಾಣತೊಡಗಿತ್ತು, ನಿದ್ದೆಗೆಟ್ಟರೆ ಇಲ್ಲಿ ಎಲ್ಲರಿಗೂ ಏನೇನೋ ಕಾಣುತ್ತೆ. ಹೆಡ್‌ಲೈಟಿನ ಬೆಳಕಲ್ಲಿ ಹತ್ತು ಬೆನ್ನು ಒಂದೇ ಲಯದಲ್ಲಿ ಹೋಗುತ್ತಿದ್ದವು. ಎಲ್ಲರ ಹಗ್ಗವೂ ಬಿಗಿ. ಏನೋ ಸರಿಯಿಲ್ಲ ಅನ್ನಿಸಿತು. ಕಾಲುಗಳನ್ನೇ ನೋಡಿದೆ, ನಲವತ್ತು ಕಾಲು, ಹಿಮದ ಪುಡಿ, ಏನೂ ಗೊತ್ತಾಗಲಿಲ್ಲ. ಆಗ ನೀವು ಹೇಳುತ್ತಿದ್ದದ್ದು ನೆನಪಾಯಿತು. ಕಾಲು ನೋಡಬ್ಯಾಡ, ತಲಿ ನೋಡು. ಮುಂಗಾಲು ನೋಯುವ ಎತ್ತು ಆ ಕಾಲೂರುವಾಗ ತಲೆ ಮೇಲೆತ್ತುತ್ತೆ.

ನಾಲ್ಕನೇ ಸಾಲಿನ ಎಡಗಡೆ ಒಂದೇ ತಲೆ ಲಯ ತಪ್ಪಿ ಮೇಲೇಳುತ್ತಿತ್ತು. ಬ್ಯಾಡಗಿ.

ನಿಲ್ಲಿಸಿ ಮುಟ್ಟಿ ನೋಡಿದೆ. ಬಲ ಮುಂಗಾಲಿನ ಮಣಿಕಟ್ಟು ಬಿಸಿಯಾಗಿತ್ತು. ಒತ್ತಿದರೆ ಕಾಲೆಳೆದುಕೊಂಡ. ಆದರೂ ಹಗ್ಗ ಸಡಿಲ ಬಿಟ್ಟಿರಲಿಲ್ಲ ಅಪ್ಪಾಜಿ, ಉಳಿದವರಷ್ಟೇ ಎಳೆಯುತ್ತಿದ್ದ. ಬಿಚ್ಚಿ ಬಂಡಿಯ ಚೀಲದೊಳಗೆ ಮಲಗಿಸಿದರೆ ಜಗಳಕ್ಕೇ ಬಂದ. ಎರಡು ಸಲ ಹೊರಗೆ ಹಾರಿದ. ಕೊನೆಗೆ ನನ್ನ ಕೋಟು ಹೊದಿಸಿ ಜಿಪ್ ಎಳೆದು, ತಲೆ ಮಾತ್ರ ಹೊರಗೆ ಬಿಟ್ಟೆ. ಕಾರ್ಮಾಕ್ಸ್ ಇನ್ನೂ 40 ಕಿಲೋಮೀಟರ್ ಇತ್ತು. ಅಷ್ಟು ದೂರವೂ ಅವನು ಮುಂದಿನ ನಾಯಿಗಳನ್ನು ನೋಡುತ್ತಾ ಕುಂಯ್‌ಗುಟ್ಟುತ್ತಿದ್ದ. ನೋವಿಗಲ್ಲ, ಬಿಟ್ಟು ಹೋದರಲ್ಲ ಅಂತ.

ಅವಕ್ಕೆ ಓಡೋದು ಖುಷಿ ಅನ್ನೋದು ಸುಳ್ಳಲ್ಲ. ಆದರೆ ತೊಂದರೆ ಇರುವುದು ಅದರಲ್ಲೇ. ಸಾಕು ಅನ್ನುವುದು ಈ ನಾಯಿಗಳಿಗೆ ಗೊತ್ತಿಲ್ಲ. ಎತ್ತಾದರೆ ಮಲಗಿಬಿಡುತ್ತೆ. ಇವು ಮಲಗಲ್ಲ. ಅವುಗಳ ಪರವಾಗಿ ಸಾಕು ಅನ್ನಬೇಕಾದವನು ಹಿಂದೆ ನಿಂತವನು, ಅವನೋ ನಿದ್ದೆಗಣ್ಣಲ್ಲಿ ಬಾಳೆತೋಟ ನೋಡುತ್ತಿರುತ್ತಾನೆ. ಈ ಓಟಗಳಲ್ಲಿ ನಾಯಿಗಳು ಸತ್ತದ್ದೂ ಇದೆ. ಇದೆಲ್ಲ ನಿಲ್ಲಬೇಕು ಅನ್ನುವವರೂ ಇದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕಲ್ಲ. ತಂಗುವ ಜಾಗಗಳಲ್ಲಿ ಪಶುವೈದ್ಯರು ಇರುತ್ತಾರೆ. ಎದೆ ಕೇಳುತ್ತಾರೆ, ಚರ್ಮ ಎಳೆದು ನೀರಿನಂಶ ನೋಡುತ್ತಾರೆ, ಪ್ರತಿ ನಾಯಿಯದೂ ಪುಸ್ತಕದಲ್ಲಿ ಬರೆಯುತ್ತಾರೆ. ಒಳ್ಳೆಯ ವ್ಯವಸ್ಥೆ. ಆದರೆ ಆ ರಾತ್ರಿ ಕಾಡಲ್ಲಿ ವೈದ್ಯರಿರಲಿಲ್ಲ. ನಾನು ತಲೆ ನೋಡದೇ ಇದ್ದಿದ್ದರೆ ಅವನು ಅದೇ ಕಾಲಲ್ಲಿ ಆ 40 ಕಿಲೋಮೀಟರನ್ನೂ ಓಡುತ್ತಿದ್ದ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕೆಲವು ಗಂಟೆ ಪಾಪವೇ, ನಡೆಸುವವನು ಎಚ್ಚರ ಇಲ್ಲದಷ್ಟು ಹೊತ್ತು.

ಕಾರ್ಮಾಕ್ಸ್‌ನಲ್ಲಿ ಬ್ಯಾಡಗಿಯನ್ನು ವೈದ್ಯರ ಹತ್ತಿರ ಬಿಟ್ಟೆ. ಯಜಮಾನಮ್ಮ ಲಾರಿ ತಂದು ಕರೆದುಕೊಂಡು ಹೋದರು. ಬಿಟ್ಟ ನಾಯಿಯನ್ನು ಮತ್ತೆ ಕಟ್ಟುವ ಹಾಗಿಲ್ಲ, ಅದು ನಿಯಮ. ಓಟ ಅಲ್ಲಿಗೇ ಬಿಡೋಣ ಅಂದುಕೊಂಡಿದ್ದೆ. ನಿಮಗೆ ನೆನಪಿದೆಯೇ, ಆ ದೀಪಾವಳಿಗೆ ಹೋರಿಗೆ ಕೊಬ್ಬರಿ ಹಾರ ಕಟ್ಟಿ, ಗೊಂಡೆ ಕಟ್ಟಿ, ಅಖಾಡದ ಬಾಗಿಲವರೆಗೆ ಹೋಗಿ, ಅದರ ನಡಿಗೆ ನೋಡಿ ವಾಪಸ್ ತಂದಿರಿ. ಊರವರೆಲ್ಲ ನಕ್ಕರು. ನಾನು ದಾರಿಯುದ್ದ ಅತ್ತೆ, ಎರಡು ದಿನ ನಿಮ್ಮ ಜೊತೆ ಮಾತು ಬಿಟ್ಟೆ. ಕಾರ್ಮಾಕ್ಸ್‌ನ ಹಾಲ್‌ನಲ್ಲಿ ಸೂಪು ಕುಡಿಯುತ್ತಾ ಅದೇ ನೆನಪಾಗಿ ನಗು ಬಂತು.

ಉಳಿದ ಒಂಬತ್ತನ್ನೂ ಒಂದೊಂದಾಗಿ ನಡೆಸಿ, ತಲೆ ನೋಡಿದೆ. ಚೆನ್ನಾಗಿದ್ದವು, ತಟ್ಟೆ ನೆಕ್ಕಿ ಖಾಲಿ ಮಾಡಿದ್ದವು. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಮಲಗಿಸಿ, ನಿಧಾನಕ್ಕೆ ಹೊರಟೆ. ಗಂಟೆಗೊಮ್ಮೆ ನಿಲ್ಲಿಸಿದೆ. ಪೆಲ್ಲಿಗೆ ಎಲ್ಲರಿಗಿಂತ ಕೊನೆಗೆ ಮುಟ್ಟಿದೆ. ಹಿಂದಿನ ಕಾಲದಲ್ಲಿ ನಾಯಿಬಂಡಿ ದಾರಿಯಲ್ಲಿದೆ ಅಂತ ಗೊತ್ತಾದರೆ, ದಾರಿಬದಿಯ ತಂಗುಮನೆಯವರು ಅದು ಬಂದು ಮುಟ್ಟುವವರೆಗೆ ಹೊರಗೆ ಲಾಟೀನು ಉರಿಸುತ್ತಿದ್ದರಂತೆ. ಅದಕ್ಕೇ ಈ ಆಟದಲ್ಲಿ ಕೊನೆಯವನಿಗೆ ಕೆಂಪು ಲಾಟೀನಿನ ಮರ್ಯಾದೆ. ಅಣ್ಣನಿಗೆ ಹೇಳಿ, ನಗಲಿ.

ಬ್ಯಾಡಗಿ ಈಗ ಯಜಮಾನಮ್ಮನ ಒಲೆ ಪಕ್ಕದಲ್ಲಿದ್ದಾನೆ. ಊತ ಇಳಿದಿದೆ. ಉಳಿದವುಗಳಿಗೆ ಹಗ್ಗ ಕಟ್ಟುವಾಗ ಕಿಟಕಿಯಲ್ಲಿ ನಿಂತು ಬೊಗಳುತ್ತಾನೆ. ವೈದ್ಯರು ಮೂರು ವಾರ ಬಿಡಿ ಅಂದಿದ್ದಾರೆ, ನನಗೆ ಅದು ಕಡಿಮೆ ಅನ್ನಿಸುತ್ತಿದೆ. ಅಪ್ಪಾಜಿ, ಆ ವರ್ಷ ಹೋರಿಗೆ ನೀವು ಎಷ್ಟು ದಿನ ಬಿಡುವು ಕೊಟ್ಟಿದ್ದಿರಿ? ಅಣ್ಣನ ಕೈಲಿ ಮೆಸೇಜ್ ಮಾಡಿಸಿ.

ಅವ್ವ, ಉಂಡೆ ಮುಗಿದವು. ಕಳಿಸುವುದಾದರೆ ಈ ಸಲ ಸಣ್ಣಸಣ್ಣದು ಕಟ್ಟು, ಬೇಗ ಮೆತ್ತಗಾಗುತ್ತವೆ.

ನಿಮ್ಮ ಸಣ್ಣ ಮಗ