ಕ್ಯಾಮೆರಾ ಅಲುಗಾಡಿಸಿದರೆ ಭಯ ಹುಟ್ಟುವುದಿಲ್ಲ

ಸಂಪಾದಕರೇ,

ಕಾಡಿನಲ್ಲಿ ಕಳೆದುಹೋದವರ ಕ್ಯಾಮೆರಾದಲ್ಲಿ ಸಿಕ್ಕ ವಿಡಿಯೊ ಎಂಬಂತೆ ತೆಗೆದ ಹಾರರ್ ಸಿನಿಮಾಗಳೆಂದರೆ ನನಗೆ ಪ್ರಾಣ. ಅದಕ್ಕೇ ಮೊನ್ನೆ ನೋಡಿದ ಅಂಥದ್ದೇ ಒಂದು ಸಿನಿಮಾ ತುಂಬಾ ಬೇಜಾರು ಮಾಡಿತು. ದುಡ್ಡು ಕಡಿಮೆ ಇತ್ತು ಅನ್ನುವುದು ನನ್ನ ದೂರಲ್ಲ. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಕೂಡ ಕಡಿಮೆ ದುಡ್ಡಿನದ್ದೇ, ನಟರ ಕೈಗೇ ಕ್ಯಾಮೆರಾ ಕೊಟ್ಟು ಕಾಡಿಗೆ ಕಳಿಸಿದ್ದರು, ಮಾಟಗಾತಿಯನ್ನು ಕೊನೆವರೆಗೂ ತೋರಿಸಲೇ ಇಲ್ಲ, ಆದರೂ ಬೆಳಗ್ಗೆ ಟೆಂಟಿನ ಹೊರಗೆ ಕಂಡ ಕಲ್ಲಿನ ಗುಡ್ಡೆಗಳೇ ಎದೆ ನಡುಗಿಸಲು ಸಾಕಾಗಿದ್ದವು.

ಮೊನ್ನೆ ನೋಡಿದ ಸಿನಿಮಾದಲ್ಲಿ ಮಾತ್ರ ಅರ್ಧ ಹೊತ್ತು ಜಗಳ, ಉಳಿದದ್ದು ಓಟ. ಹುಡುಗಿ ಜೀವ ಉಳಿಸಿಕೊಳ್ಳಲು ಓಡುತ್ತಾಳೆ, ಕ್ಯಾಮೆರಾ ಮಾತ್ರ ಕೈಬಿಡುವುದಿಲ್ಲ. ಯಾಕೆ? ಅದರ ಬೆಳಕಿನಲ್ಲೇ ದಾರಿ ಕಾಣುತ್ತದೆ ಅಂತ ಒಂದು ಮಾತು ಹೇಳಿಸಿದ್ದರೂ ನಂಬಬಹುದಿತ್ತು, ಅಲ್ವಾ? ಇರುವುದು ಒಂದೇ ಕ್ಯಾಮೆರಾ, ಆದರೆ ಮಾತಾಡುವ ಇಬ್ಬರ ಮುಖವೂ ಎದುರಿನಿಂದಲೇ ಕಾಣುತ್ತದೆ. ಮೇಲೆ ಹಿನ್ನೆಲೆ ಸಂಗೀತ ಬೇರೆ. ನಂಬಿಕೆ ಅಲ್ಲೇ ಹೋಯಿತು.

ಕತ್ತಲಲ್ಲಿ ಒಣಕಡ್ಡಿ ಮುರಿದ ಸದ್ದು ಸಾಕು, ಸುಮ್ನೆ ಅದನ್ನು ಕೇಳಿಸಿಕೊಳ್ಳಲು ಬಿಟ್ಟಿದ್ದರೆ ಜಾಸ್ತಿ ಹೆದರುತ್ತಿದ್ದೆವು. ನಿಮ್ಮ ಸಿನಿಮಾ ಪುಟದಲ್ಲಿ ಇಂಥ ಚಿಕ್ಕ ಸಿನಿಮಾಗಳ ವಿಮರ್ಶೆಯೂ ಬರಲಿ.

– ಒಬ್ಬ ಓದುಗ