ಸೃಷ್ಟಿವಾದಕ್ಕೆ ವಿಜ್ಞಾನ ತರಗತಿಯಲ್ಲಿ ಜಾಗ ಬೇಡ

ಮಾನ್ಯ ಸಂಪಾದಕರೇ,

ಅಮೆರಿಕದ ಶಾಲೆಗಳಲ್ಲಿ ವಿಕಾಸವಾದದ ಜೊತೆಗೆ, ಜೀವಿಗಳನ್ನೆಲ್ಲ ದೇವರೇ ಸೃಷ್ಟಿಸಿದನೆಂಬ ಸೃಷ್ಟಿವಾದವನ್ನೂ ಕಲಿಸಬೇಕೆಂಬ ಬೇಡಿಕೆಯ ಕುರಿತ ವರದಿ ಓದಿದೆ. ‘ಎರಡನ್ನೂ ಹೇಳಿಕೊಡಿ, ಮಕ್ಕಳೇ ಆರಿಸಿಕೊಳ್ಳಲಿ’ ಎಂಬ ಮಾತು ಕೇಳಲು ನ್ಯಾಯವೆನಿಸಿದರೂ ವಿಜ್ಞಾನದ ತರಗತಿಗೆ ಅದು ಸಲ್ಲದು.

ಈ ವಾದ ಕೋರ್ಟಿನಲ್ಲಿ ಸೋತದ್ದು ಒಂದು ಸಲವಲ್ಲ. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಲೂಸಿಯಾನ ರಾಜ್ಯದ ಇಂಥದೇ ಕಾಯ್ದೆಯನ್ನು ರದ್ದುಪಡಿಸಿತು. ಆಮೇಲೆ ಅದೇ ಸರಕು, ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ರೂಪಿಸಿದೆ ಎನ್ನುವ ‘ಜಾಣ ವಿನ್ಯಾಸ’ (ಇಂಟೆಲಿಜೆಂಟ್ ಡಿಸೈನ್) ಎಂಬ ಹೊಸ ಹೆಸರು ಹೊತ್ತು ಬಂತು. ಪೆನ್ಸಿಲ್ವೇನಿಯಾದ ಡೋವರ್ ಶಾಲಾ ಮಂಡಳಿ 2004ರಲ್ಲಿ ಇದನ್ನು ಜೀವಶಾಸ್ತ್ರದ ತರಗತಿಗೆ ತಂದಾಗ 11 ಪೋಷಕರು ದಾವೆ ಹೂಡಿದರು. ಮಂಡಳಿ ಸೂಚಿಸಿದ್ದ ಪುಸ್ತಕದ ಹಳೆಯ ಕರಡಿನಲ್ಲಿ ‘ಸೃಷ್ಟಿವಾದಿಗಳು’ ಎಂಬುದನ್ನು ಅಳಿಸಿ ‘ವಿನ್ಯಾಸ ಪ್ರತಿಪಾದಕರು’ ಎಂದು ತಿದ್ದುವ ಅವಸರದಲ್ಲಿ, ಒಂದೆಡೆ ಎರಡೂ ಪದಗಳು ಒಂದಕ್ಕೊಂದು ಅಂಟಿಕೊಂಡೇ ಉಳಿದಿದ್ದವು! ಇದು ವಿಜ್ಞಾನವಲ್ಲ ಎಂದು 2005ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್ ತೀರ್ಪಿತ್ತರು.

ಹಾಗೆಂದು ನಾವು ನಗುವಂತಿಲ್ಲ. ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನೇ ಕೈಬಿಟ್ಟಿದ್ದು 2023ರಲ್ಲಿ ಸುದ್ದಿಯಾಗಿತ್ತು. ಮುಂದೆ ಜೀವಶಾಸ್ತ್ರ ಆರಿಸಿಕೊಳ್ಳದ ಮಕ್ಕಳಿಗೆ ಡಾರ್ವಿನ್ ಪಾಠ ಸಿಗುವುದಾದರೂ ಎಲ್ಲಿ? ಪಠ್ಯ ಪರಿಷ್ಕರಣೆ ನಡೆಯುವಾಗಲೆಲ್ಲ ಈ ಭಾಗ ಎಲ್ಲರೂ ಓದುವ 10ನೇ ತರಗತಿಯಲ್ಲೇ ಇರುವಂತೆ ನೋಡಿಕೊಳ್ಳಬೇಕು. ದಶಾವತಾರವಾಗಲಿ, ಬೈಬಲಿನ ಆರು ದಿನಗಳ ಸೃಷ್ಟಿಯಾಗಲಿ ಭಾಷೆ ಮತ್ತು ಸಮಾಜ ವಿಜ್ಞಾನದ ಪಾಠಗಳಲ್ಲಿ ಬರಲಿ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಶಿವಮೊಗ್ಗ